ಹಾಲಿಗೂ ಪಾಲಿಗೂ

ಹೋದ ತಿಂಗಳು ಇದೇ ಪುಟದಲ್ಲಿ ನಮ್ಮವ್ವನ ಒಂದು ಮಾತು ಬರೆದಿದ್ದೆ, ನಿಮಗೆ ನೆನಪಿರಬಹುದು. ಸಂಜೆಯ ಧಾರಾವಾಹಿಯೊಂದರಲ್ಲಿ ಅಣ್ಣತಮ್ಮಂದಿರು ಆಸ್ತಿಗೆ ಕಿತ್ತಾಡುತ್ತಿದ್ದರು. ದೊಡ್ಡವನು ಮೇಜು ಕುಟ್ಟಿ ‘ನನ್ನ ಪಾಲು ನನಗೆ ಬೇಕು’ ಎಂದ. ಗೋಡೆಗೆ ಒರಗಿ ಕೂತಿದ್ದ ಅವ್ವ ಎಲೆಗೆ ಸುಣ್ಣ ಸವರುತ್ತಾ, ‘ಅಯ್ಯೋ ಶಿವನೆ, ಹಾಲ್ಗ ಹಿಂಗ ಕಿತ್ತಾಡರ? ಮನಗೊಂದ್ ಹಸ ಕಟ್ಕಂಡ್ರ ಆಯ್ತದಲ್ಲ’ ಅಂದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಾನು ಬರೆದೆ, ನೀವೂ ನಕ್ಕಿರಿ. ‘ಅಜ್ಜಿಯ ಮಾತು ಇನ್ನಷ್ಟು ಬರಲಿ’ ಎಂದು ಓದುಗರು ಬರೆದ ಕಾಗದಗಳನ್ನು ಸಂಪಾದಕರು ನನಗೆ ಕಳಿಸಿಕೊಟ್ಟರು. ನನಗೂ ಕೊಂಚ ಹೆಮ್ಮೆಯೇ ಆಯಿತು.

ಈ ವಾರ ಆ ನಗುವನ್ನು ವಾಪಸ್ ಪಡೆಯಬೇಕಾಗಿದೆ. ಅವ್ವ ತಮಾಷೆ ಮಾಡಿರಲಿಲ್ಲ. ಅವಳಿಗೆ ‘ಹಾಲು’ ಎಂದೇ ಕೇಳಿಸಿತ್ತು.

ಇದನ್ನು ಕಂಡುಹಿಡಿದದ್ದು ನಾನಲ್ಲ. ವಾರ ವಾರ ಟೀವಿ ನೋಡಿ ಬರೆಯುವವನು ಟೀವಿಯನ್ನಷ್ಟೇ ನೋಡುತ್ತಿದ್ದ. ಪಕ್ಕದಲ್ಲಿ ಕೂತವರನ್ನು ನೋಡಿದ್ದು ಆರನೇ ಕ್ಲಾಸಿನ ಮಗಳು.

ಮೊದಲು ಅವಳಿಗೆ ಅಜ್ಜಿಯ ಮೇಲೆ ಬೇಸರವಿತ್ತು. ‘ಅಪ್ಪ, ನೀನು ಕರೆದರೆ ಅಜ್ಜಿ ತಿರುಗುತ್ತೆ. ನಾನು ಕರೆದರೆ ತಿರುಗಲ್ಲ. ನನ್ನ ಮೇಲೆ ಕೋಪವಾ?’ ಎಂದು ಒಂದೆರಡು ಸಲ ಕೇಳಿದ್ದಳು. ವಯಸ್ಸಾದವರು ಹಾಗೇ ಮಗ, ಏನೋ ಯೋಚನೆಯಲ್ಲಿರುತ್ತಾರೆ ಎಂದು ಸುಮ್ಮನಾಗಿಸಿದ್ದೆ. ಅವಳು ಸುಮ್ಮನಾಗಲಿಲ್ಲ. ಟೀವಿ ಮುಂದೆ ಅಜ್ಜಿ ಆಡುವ ಮಾತುಗಳನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋದಳು. ಅಂಕಣಕ್ಕೆ ಸಹಾಯ ಮಾಡುತ್ತಿದ್ದಾಳೆ ಎಂದು ನಾನು ಖುಷಿಪಟ್ಟೆ. ಅವಳು ಮಾಡುತ್ತಿದ್ದದ್ದು ಲೆಕ್ಕ. ಒಂದು ಕಡೆ ಅಜ್ಜಿ ಸರಿಯಾಗಿ ಹೇಳಿದ್ದು, ಇನ್ನೊಂದು ಕಡೆ ತಪ್ಪಾಗಿ ಹೇಳಿದ್ದು.

ಸರಿ ಪಟ್ಟಿಯ ತಲೆಯ ಮೇಲೆ ಇದ್ದದ್ದು ‘ಉಘೇ ಉಘೇ ಮಾದೇಶ್ವರ’. ಜೀ ಕನ್ನಡದಲ್ಲಿ ಬಂದಿದ್ದ ಆ ಧಾರಾವಾಹಿಯ ಹಳೆಯ ಸಂಚಿಕೆಗಳನ್ನು ಮಗಳು ಫೋನಿನಲ್ಲಿ ಹಾಕಿಕೊಡುತ್ತಾಳೆ. ಅಜ್ಜಿ ಮೊಮ್ಮಗಳು ತಲೆಗೆ ತಲೆ ತಾಗಿಸಿ ನೋಡುತ್ತಾರೆ. ಅಲ್ಲಿ ಅವ್ವನ ಮಾತು ಒಂದೂ ತಪ್ಪುವುದಿಲ್ಲ. ಚಿತ್ರಕ್ಕಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತದೆ. ಶ್ರವಣ ದೊರೆ ದೇವರುಗಳನ್ನು ಸೆರೆಯಲ್ಲಿಟ್ಟಿರುವಾಗಲೇ, ‘ಇರು ಇರು, ಎಕ್ಕಡ ಹೊಲ್ಸ್ಕಂಡು ಬತ್ತನ ಮಾದಪ್ಪ’ ಎಂದು ಅವನ ಸಾವಿನವರೆಗೂ ಹೇಳಿ ಮುಗಿಸಿಬಿಡುತ್ತಾಳೆ. ಹರಳಯ್ಯನ ಕೈಯಲ್ಲಿ ಆ ಎಕ್ಕಡ ಹೊಲಿಸಿದ್ದು, ಸಂಕಮ್ಮನ ಗಂಡ ಜೇನಿಗೆ ಹೋಗುವ ಮುಂಚೆ ಆಕೆಯಿಂದ ಭಾಷೆ ಕೇಳಿದ್ದು, ಆಲಂಬಾಡಿಯ ಜುಂಜೇಗೌಡ, ಇಕ್ಕೇರಿ ದೇವಮ್ಮ, ಎಲ್ಲವೂ ಅವಳಿಗೆ ಸಾಲು ಸಾಲಾಗಿ ಗೊತ್ತು. (ಮಾದೇಶ್ವರನ ಕಥೆಯ ಒಂದೊಂದು ಭಾಗಕ್ಕೂ ನಮ್ಮ ಕಡೆ ‘ಸಾಲು’ ಎಂದೇ ಹೆಸರು.) ಚಿಕ್ಕಂದಿನಲ್ಲಿ ದೇವರಗುಡ್ಡರು ಜಗಲಿಯಲ್ಲಿ ಕೂತು ಕಂಸಾಳೆ ಬಡಿಯುತ್ತಾ ರಾತ್ರಿಯಿಡೀ ಹಾಡುವುದನ್ನು ಕೇಳಿ ಬೆಳೆದವಳು. ಅವಳಿಗೆ ಫೋನಿನ ಮಾತು ಯಾಕೆ ಬೇಕು? ಒಂದು ದಿನ ಮಗಳು ಫೋನಿನ ದನಿ ಪೂರ್ತಿ ಇಳಿಸಿದಳಂತೆ. ಅಜ್ಜಿಯ ವ್ಯಾಖ್ಯಾನ ನಿಲ್ಲಲೇ ಇಲ್ಲ.

ತಪ್ಪು ಪಟ್ಟಿಯಲ್ಲಿ ಹೊಸ ಮನೆಮಾತಿನ ಧಾರಾವಾಹಿಗಳು. ‘ಪುಟ್ಟಕ್ಕನ ಮಕ್ಕಳು’ ಅರ್ಧ ಸರಿ, ಅರ್ಧ ತಪ್ಪು. ಉಮಾಶ್ರೀ ಮುಖವೇ ಎಲ್ಲವನ್ನೂ ಹೇಳಿಬಿಡುತ್ತದಾದ್ದರಿಂದ ಅಲ್ಲಿ ಅವ್ವ ಅಷ್ಟಾಗಿ ಸೋಲುವುದಿಲ್ಲ. ಪೂರ್ತಿ ಸೋತದ್ದು ‘ಭಾಗ್ಯಲಕ್ಷ್ಮಿ’ಯಲ್ಲಿ. ಅದರಲ್ಲಿ ಭಾಗ್ಯ ಎಂಬ ಗೃಹಿಣಿ ಮಗಳು ಓದುವ ವಯಸ್ಸಿನಲ್ಲಿ ತಾನೂ ಹತ್ತನೇ ಕ್ಲಾಸು ಪಾಸು ಮಾಡಲು ಶಾಲೆಗೆ ಹೋಗುತ್ತಾಳಲ್ಲ, ಆ ಸಂಚಿಕೆಗಳು. ‘ಆ ಟೀಚರಮ್ಮನ್ಗ ಎಲ್ರೂ ಯಾಕ ಹಂಗ ಬೈತರ?’ ಎಂದು ಅವ್ವ ವಾರಗಟ್ಟಲೆ ಕೇಳುತ್ತಿದ್ದಳು. ಶಾಲೆಗೆ ಹೋಗುವ ದೊಡ್ಡ ಹೆಂಗಸು ಟೀಚರಮ್ಮನಲ್ಲದೆ ಇನ್ನೇನು? ಇದನ್ನೂ ನಾನು ಒಂದು ವಾರ ಅಂಕಣದಲ್ಲಿ ಹಾಕಿದ್ದೆ, ‘ಅವ್ವನ ವಿಮರ್ಶೆ’ ಎಂದು ತಲೆಬರಹ ಕೊಟ್ಟು.

ಇನ್ನು ಆ ಸಂಜೆಯ ವಿಷಯ. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಒಳಗೆ ಟೀವಿಯ ಬೆಳಕು ಗೋಡೆಯ ಮೇಲೆ ಕುಣಿಯುತ್ತಿತ್ತು, ಸದ್ದಿಲ್ಲ. ಅವ್ವ ತನ್ನ ಜಾಗದಲ್ಲಿ ಕೂತು ಕಣ್ಣು ಕೀಲಿಸಿ ನೋಡುತ್ತಿದ್ದಾಳೆ. ನಡುವೆ ‘ಹ್ಞೂಂ’ ಅನ್ನುತ್ತಾಳೆ, ‘ಥೂ ನಿನ್ನ’ ಅನ್ನುತ್ತಾಳೆ. ಮಗಳು ರಿಮೋಟು ಹಿಡಿದು ಬಾಗಿಲ ಹತ್ತಿರ ನಿಂತಿದ್ದಾಳೆ. ‘ಏನಮ್ಮ, ಟೀವಿಗೆ ಬಾಯಿ ಬಿದ್ದುಹೋಯ್ತಾ?’ ಎಂದೆ. ಅವಳು ತುಟಿಯ ಮೇಲೆ ಬೆರಳಿಟ್ಟು, ಗೋಡೆ ಗಡಿಯಾರ ತೋರಿಸಿ ಪಿಸುಗುಟ್ಟಿದಳು: ‘ಇಪ್ಪತ್ತು ನಿಮಿಷ ಆಯ್ತಪ್ಪ. ಅಜ್ಜಿ ಇನ್ನೂ ಕೇಳಲಿಲ್ಲ.’

ಆ ಇಪ್ಪತ್ತು ನಿಮಿಷ ನನ್ನ ಹೊಟ್ಟೆಯೊಳಗೆ ಹೋಗಿ ಕೂತಿತು. ಮಕ್ಕಳೇ, ನೀವೂ ಮನೆಯಲ್ಲಿ ಹೀಗೆ ಪರೀಕ್ಷೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಅಜ್ಜಿಗೆ ಗೊತ್ತಾಗಿದ್ದರೆ ಮನಸ್ಸು ನೋಯುತ್ತಿತ್ತು. ಆದರೆ ಮಗಳನ್ನು ಬಯ್ಯಲೂ ನನಗೆ ಬಾಯಿ ಬರಲಿಲ್ಲ.

ಇಷ್ಟು ದಿನ ನಮಗೆ ಯಾಕೆ ತಿಳಿಯಲಿಲ್ಲ ಎಂದು ರಾತ್ರಿ ಮಲಗಿ ಯೋಚಿಸಿದೆ. ನೆನಪು ನೇರ 1987ಕ್ಕೆ ಹೋಯಿತು. ಆ ವರ್ಷ ಜನವರಿ 25ರಂದು ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಶುರುವಾಯಿತು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ. ನಮ್ಮ ಬೀದಿಯಲ್ಲಿ ಇದ್ದದ್ದು ಒಂದೇ ಕಪ್ಪುಬಿಳುಪು ಟೀವಿ. ಆ ಮನೆಯ ಪಡಸಾಲೆ ತುಂಬಿ, ಜಗಲಿ ತುಂಬಿ, ಕಿಟಕಿಯ ಸರಳಿಗೂ ಮಕ್ಕಳು ಜೋತುಬಿದ್ದಿರುತ್ತಿದ್ದರು. ಮಾಳಿಗೆಯ ಮೇಲೆ ಒಬ್ಬ ಆಂಟೆನಾ ತಿರುಗಿಸುತ್ತಾ ‘ಬಂತಾ?’ ಎಂದು ಕೂಗಬೇಕು, ಕೆಳಗಿನವರು ‘ಇನ್ನಸಿ, ಇನ್ನಸಿ, ಹಾಂ, ನಿಲ್ಲು!’ ಎನ್ನಬೇಕು. ಎಲ್ಲ ಸರಿ. ಆದರೆ ರಾಮ ಮಾತಾಡುವುದು ಹಿಂದಿ. ಹರವೆಯ ಆ ಪಡಸಾಲೆಯಲ್ಲಿ ಹಿಂದಿ ಬರುವವರು ಯಾರು?

ನಾನು! ಎಂಟನೇ ಕ್ಲಾಸಿನ ಹಿಂದಿ ಪುಸ್ತಕ ಅರ್ಧ ಮುಗಿಸಿದ್ದವನು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಅರುಣ್ ಗೋವಿಲ್ ಬಾಯಿ ತೆರೆದ ಕೂಡಲೇ ಎಲ್ಲರೂ ನನ್ನ ಕಡೆ ತಿರುಗುವರು. ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದ್ದು ಕಟ್ಟಿ ಹೇಳಿದೆ. ಒಂದು ಸಲ ಚಿತ್ರ ನಿಂತು ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂಬ ಹಲಗೆ ಬಂತು. ಅಡಚಣೆಗಾಗಿ ವಿಷಾದಿಸುತ್ತೇವೆ ಎಂದು ಅದರ ಅರ್ಥ. ನಾನು ಗಂಭೀರವಾಗಿ, ‘ಈಗ ರಾವಣ ಬರ್ತಾನೆ, ಎಲ್ಲರೂ ಕಾಯಬೇಕಂತೆ’ ಎಂದೆ. ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದು ಆ ಹಲಗೆಯನ್ನು ನೋಡುತ್ತಾ ಕೂತಿತು.

ಎರಡು ಮೂರು ವಾರಕ್ಕೆ ನನ್ನ ಕೆಲಸ ಹೋಯಿತು. ಕಿತ್ತುಕೊಂಡವಳು ಅವ್ವನೇ. ‘ಸುಮ್ಕಿರ್ಲ, ನೋಡುದ್ರ ಗೊತ್ತಾಯ್ತದ’ ಎಂದು ನನ್ನ ತಲೆಗೊಂದು ಮೊಟಕಿ, ತಾನೇ ಹೇಳತೊಡಗಿದಳು. ಕೈಕೇಯಿಯ ಹುಬ್ಬು ನೋಡಿ ಮಾತು ಹೇಳಿದಳು, ದಶರಥನ ಭುಜ ನೋಡಿ ದುಃಖ ಹೇಳಿದಳು. 78 ಕಂತು ಮುಗಿಯುವಷ್ಟರಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಮಾತಿಲ್ಲದೆ ಟೀವಿ ನೋಡುವುದರಲ್ಲಿ ಪಳಗಿದ್ದರು. ಅದೇ ಕಾಲದಲ್ಲಿ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ನೋಡಿದ್ದೂ ಹಾಗೆಯೇ. ಕಥೆ ಬರೆದ ಆರ್. ಕೆ. ನಾರಾಯಣ್ ನಮ್ಮ ಮೈಸೂರಿನಲ್ಲಿ ಇದ್ದವರು, ಚಿತ್ರೀಕರಣ ಆಗುಂಬೆಯಲ್ಲಿ, ಸ್ವಾಮಿಯಾದ ಮಾಸ್ಟರ್ ಮಂಜುನಾಥ್ ಕನ್ನಡದ ಹುಡುಗ. ಮಾತು ಮಾತ್ರ ಹಿಂದಿ! ಅವ್ವನಿಗೆ ಅದೇನೂ ಅಡ್ಡಿಯಾಗಲಿಲ್ಲ. ಸ್ವಾಮಿ ಶಾಲೆಗೆ ಚಕ್ಕರ್ ಹೊಡೆಯಲು ಮುಖ ಸಣ್ಣ ಮಾಡಿದರೆ ಸಾಕು, ‘ನಮ್ಮ ಹೈದನಂಗೇ ಕಳ್ಳ’ ಎಂದು ನನ್ನ ಕಡೆ ನೋಡುತ್ತಿದ್ದಳು.

2020ರ ಲಾಕ್‌ಡೌನಿನಲ್ಲಿ, ಮಾರ್ಚ್ 28ರಿಂದ ಅದೇ ರಾಮಾಯಣ ಮತ್ತೆ ಬಂತು. ಅವ್ವ ದಿನವೂ ನೋಡಿದಳು, ಒಂದು ಮಾತೂ ತಪ್ಪದೆ ವಿವರಿಸಿದಳು. ಅಷ್ಟು ಹೊತ್ತಿಗಾಗಲೇ ಅವಳಿಗೆ ಎಷ್ಟು ಕೇಳಿಸುತ್ತಿತ್ತೋ ಏನೋ. ಕಣ್ಣಲ್ಲೇ ಕೇಳುವುದನ್ನು ಕಲಿತವಳ ಕಿವಿ ಯಾವಾಗ ಮಂದವಾಯಿತು ಎಂದು ಹೇಗೆ ತಿಳಿಯಬೇಕು?

ಇನ್ನೊಂದು ನೆನಪೂ ಬಂತು, ಹೇಳಿಯೇ ಬಿಡುತ್ತೇನೆ. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಕಿವಿ ಕೇಳದವರಿಗಾಗಿ ಕೈಸನ್ನೆಯ ವಾರ್ತೆ ಬರುತ್ತಿತ್ತು. ನಾವು ಹುಡುಗರು ಆ ಕೈಗಳನ್ನು ಅಣಕಿಸಿ ಉರುಳಾಡಿ ನಗುತ್ತಿದ್ದೆವು. ಆ ವಾರ್ತೆ ಯಾರಿಗಾಗಿ ಎಂದು ಒಬ್ಬರೂ ಕೇಳಿರಲಿಲ್ಲ.

ಬೆಳಿಗ್ಗೆ ಅವ್ವನ ಎದುರು ಕೂತು, ಜೋರಾಗಿ ಕೇಳಿದೆ. ‘ಕಿವಿ ಕೇಳ್ಸದೇನವ್ವ?’ ಮೊದಲು ಸಿಟ್ಟು. ‘ನನ್ಗೇನಾಗಿದ್ದದು, ಕೇಳ್ತದ ಬುಡು.’ ಆಮೇಲೆ ಎಲೆಚೀಲದ ದಾರ ಬಿಚ್ಚುತ್ತಾ ಕಟ್ಟುತ್ತಾ ಮೆಲ್ಲಗೆ ಹೇಳಿದಳು: ‘ದನಿ ಕೇಳ್ತದ ಕನ. ಮಾತು ಕೇಳಲ್ಲ.’ ಜೋರಾಗಿ ಇಡಿ ಎಂದು ಯಾಕೆ ಹೇಳಲಿಲ್ಲ ಎಂದರೆ, ‘ಮೊಗ ಓದ್ಕತಿರ್ತದಲ್ಲ.’

ಮುಂದಿನ ಶನಿವಾರ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರೈಲು ಹಿಡಿದು, ಮೈಸೂರಿನ ಚಾಮರಾಜಪುರಂನಲ್ಲಿ ಇಳಿದೆವು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಸ್ಥಾಪನೆಯಾದ, ಮಾತು ಮತ್ತು ಕಿವಿಗೆಂದೇ ಇರುವ ಸಂಸ್ಥೆ. ಇಷ್ಟು ಹತ್ತಿರ ಇದ್ದೂ ನಾನು ಅದರ ಒಳಗೆ ಹೋಗಿದ್ದು ಅದೇ ಮೊದಲು. ಪರೀಕ್ಷೆಗೆ ಮುಂಚೆ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದೆಯೇ ಎಂದು ನೋಡಿದರು. ಎಷ್ಟೋ ಜನಕ್ಕೆ ಅದನ್ನು ತೆಗೆದರೇ ಸರಿಹೋಗುತ್ತದಂತೆ. ಅವ್ವನದು ಅದಲ್ಲ.

ಹೊರಗಿನ ಸದ್ದು ನುಸುಳದ ಪುಟ್ಟ ಕೋಣೆಯಲ್ಲಿ ಅವ್ವನನ್ನು ಕೂರಿಸಿ, ಸೆರಗಿನ ಮೇಲಿಂದಲೇ ಹೆಡ್‌ಫೋನು ಹಾಕಿದರು. ಸದ್ದು ಕೇಳಿದಾಗ ಕೈ ಎತ್ತಬೇಕು. ಗಾಜಿನ ಆಚೆ ನಾನು, ಮಗಳು. ಮೊದಮೊದಲು ದಪ್ಪ ದನಿಯ ಸದ್ದಿಗೆ ಚಟಕ್ಕನೆ ಕೈ ಎತ್ತಿದಳು. ದನಿ ತೆಳುವಾಗುತ್ತಾ ಹೋದಂತೆ ಕೈ ಮೇಲೇಳಲೇ ಇಲ್ಲ. ತೊಡೆಯ ಮೇಲೆ ಸುಮ್ಮನೆ ಇತ್ತು. ಆಮೇಲೆ ಒಂದೊಂದೇ ಪದ ಹೇಳಿ ತಿರುಗಿ ಹೇಳಿಸಿದರು. ಅವ್ವ ಧೈರ್ಯವಾಗಿ ಹೇಳಿದಳು, ಬಹುಪಾಲು ತಪ್ಪು.

ಪರೀಕ್ಷೆ ಮಾಡಿದ ಹುಡುಗಿ ಗೆರೆ ಎಳೆದ ಹಾಳೆ ತೋರಿಸಿದರು. ಎಡದಿಂದ ಬಲಕ್ಕೆ ಗೆರೆ ಬೆಟ್ಟ ಇಳಿದ ಹಾಗೆ ಇಳಿದಿತ್ತು. ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಅಂಗ ಇದೆ. ಅದರೊಳಗೆ ಕೂದಲಿನಂಥ ತುದಿಗಳಿರುವ ಸುಮಾರು 15 ಸಾವಿರ ಜೀವಕೋಶಗಳು ಸದ್ದನ್ನು ಹಿಡಿಯುತ್ತವೆ. ತೆಳು ದನಿಯನ್ನು ಹಿಡಿಯುವವು ಬಾಗಿಲ ಹತ್ತಿರವೇ ಇರುತ್ತವೆ. ವಯಸ್ಸಾದಂತೆ ಮೊದಲು ಸವೆಯುವುದು ಅವೇ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಆಗ ಅ, ಆ, ಉ, ಊ ಥರದ ಸ್ವರಗಳು ಕೇಳುತ್ತವೆ. ಸ, ಶ, ತ, ಕ, ಪ ಥರದವು ಜಾರಿಹೋಗುತ್ತವೆ. ದನಿ ಕೇಳುತ್ತದೆ, ಮಾತು ಕೇಳುವುದಿಲ್ಲ. ಅವ್ವ ಹೇಳಿದ್ದು ಅಕ್ಷರ ಅಕ್ಷರ ಸರಿಯಾಗಿತ್ತು.

‘ಕಾಲು, ಸಾಲು, ಪಾಲು, ಹಾಲು, ಎಲ್ಲ ಅವರಿಗೆ ಹೆಚ್ಚುಕಡಿಮೆ ಒಂದೇ ಥರ ಕೇಳಬಹುದು’ ಎಂದರು ಆ ಹುಡುಗಿ. ನನ್ನ ಅಂಕಣವನ್ನು ಅವರು ಓದಿರಲಾರರು. ಆದರೂ ನಾನು ತಲೆ ತಗ್ಗಿಸಿದೆ. ಹಿಂದೆ ಸಂಗೀತ ಬಡಿಯುತ್ತಿದ್ದರೆ, ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಇನ್ನೂ ಕಷ್ಟವಂತೆ. ನಮ್ಮ ಧಾರಾವಾಹಿಗಳಲ್ಲಿ ಬೇರೇನಿದೆ ಹೇಳಿ! ಚಂದನದ ‘ಥಟ್ ಅಂತ ಹೇಳಿ’ಯನ್ನು ಅವ್ವ ಯಾಕೆ ಅಷ್ಟು ಇಷ್ಟಪಟ್ಟು ನೋಡುತ್ತಾಳೆ ಎಂಬುದು ಆಗ ಹೊಳೆಯಿತು. ಡಾ. ನಾ. ಸೋಮೇಶ್ವರ ಅವರು ಬಿಡಿಸಿ ಬಿಡಿಸಿ ಕೇಳುತ್ತಾರೆ, ಉತ್ತರಿಸುವವರು ಒಬ್ಬೊಬ್ಬರೇ ಮಾತಾಡುತ್ತಾರೆ. ಸರಿ ಉತ್ತರಕ್ಕೆ ಪುಸ್ತಕ ಕೊಡುವುದನ್ನು ನೋಡಿ ಅವ್ವ ‘ಬಂಗಾರ ಕೊಟ್ಟಂಗ’ ಎನ್ನುತ್ತಾಳೆ.

ಮಗಳು ಒಂದೇ ಪ್ರಶ್ನೆ ಕೇಳಿದಳು. ‘ಮಕ್ಕಳ ದನಿ ತೆಳು ಅಲ್ವಾ ಮೇಡಂ? ಹಂಗಾದ್ರೆ ನನ್ನ ಮಾತು?’ ಹೌದು, ಗಂಡಸರ ದನಿಗಿಂತ ಹೆಂಗಸರದು, ಮಕ್ಕಳದು ಹಿಡಿಯುವುದು ಕಷ್ಟ ಎಂದರು ಅವರು. ಮಗಳು ಗಾಜಿನ ಆಚೆ ಸೆರಗು ಸರಿಮಾಡಿಕೊಳ್ಳುತ್ತಿದ್ದ ಅಜ್ಜಿಯನ್ನು ನೋಡಿದಳು. ವಾಪಸ್ ರೈಲಿನಲ್ಲಿ ಕಿಟಕಿಯ ಸೀಟನ್ನು ಅಜ್ಜಿಗೆ ಬಿಟ್ಟುಕೊಟ್ಟಳು. ಅದು ಸಣ್ಣ ವಿಷಯವಲ್ಲ, ಆ ಸೀಟಿಗಾಗಿ ಹೋಗುವಾಗ ಜಗಳವೇ ಆಗಿತ್ತು.

ಕಿವಿಯ ಯಂತ್ರ ಬಂದು ಈಗ ಮೂರು ವಾರ. ಎಲ್ಲವೂ ಸುಸೂತ್ರ ಎಂದುಕೊಳ್ಳಬೇಡಿ. ಮೊದಲ ದಿನ ಅವ್ವ ಗಾಬರಿಯಾಗಿ ಕೂತಳು. ಫ್ಯಾನು ಇಷ್ಟೊಂದು ಸದ್ದು ಮಾಡುತ್ತದೆಯೇ, ಪಾತ್ರೆ ಯಾಕೆ ಹಾಗೆ ಎತ್ತಿಹಾಕುತ್ತೀರಿ, ತನ್ನ ಬಾಯಲ್ಲಿ ಅಡಿಕೆ ಕಡಿಯುವುದು ಕಲ್ಲು ಒಡೆದ ಹಾಗೆ ಕೇಳುತ್ತದೆ ಎಂದು ದೂರು. ಕೈ ಅಡ್ಡ ಬಂದರೆ ಅದು ‘ಕುಯ್ಯ್’ ಎನ್ನುತ್ತದೆ, ನಮ್ಮ ಬೆಕ್ಕು ಓಡಿಹೋಗುತ್ತದೆ. ಒಂದು ದಿನ ಯಂತ್ರವೇ ಕಾಣೆ. ಮನೆಯೆಲ್ಲ ಹುಡುಕಿದ ಮೇಲೆ ಎಲೆಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಸಿಕ್ಕಿತು. ‘ಬೆಲೆಬಾಳದಲ್ವಾ, ಹುಷಾರಾಗಿ ಮಡಗಿದ್ದಿ’ ಎಂದಳು.

ಟೀವಿಯ ವಿಷಯಕ್ಕೆ ಬರುತ್ತೇನೆ, ಇದು ಟೀವಿ ಅಂಕಣ ತಾನೆ. ಯಂತ್ರ ಹಾಕಿಕೊಂಡು ಮೊದಲ ಸಲ ಸಂಜೆಯ ಧಾರಾವಾಹಿ ನೋಡಿದ ಅವ್ವ ಐದೇ ನಿಮಿಷಕ್ಕೆ ಸೋತುಹೋದಳು. ಅತ್ತೆ ಬಾಗಿಲಲ್ಲಿ ಬಂದು ನಿಂತದ್ದೇ ‘ಢಂ ಢಂ ಢಂ’ ಎಂದು ಮೂರು ಸಲ ಬಡಿಯಿತು, ಮೂರು ಸಲ ಅದೇ ಮುಖ ತೋರಿಸಿದರು. ‘ಈ ಹೆಣ್ಣು ಇಷ್ಟ್ ದಿನಾನೂ ಹಿಂಗೇ ಕಿರ್ಚ್ಕತಿದ್ದಳಾ?’ ಎಂದು ಕೇಳಿ ಯಂತ್ರ ಕಿತ್ತು ಮಡಿಲಲ್ಲಿಟ್ಟುಕೊಂಡಳು. ಈಗ ಅವಳದೇ ಒಂದು ಪದ್ಧತಿ. ‘ಥಟ್ ಅಂತ ಹೇಳಿ’ಗೆ ಯಂತ್ರ ಬೇಕು. ಮೊಮ್ಮಗಳು ಶಾಲೆಯ ಸುದ್ದಿ ಹೇಳುವಾಗ ಬೇಕು. ಧಾರಾವಾಹಿಗೆ ಬೇಡ. ಮಾದೇಶ್ವರನಿಗೂ ಬೇಡ, ಅವನು ಹೇಗೂ ಗೊತ್ತು.

ಭಾಗ್ಯ ಟೀಚರಮ್ಮನಲ್ಲ, ಓದಲು ಹೋದವಳು ಎಂದು ಮಗಳು ಬಿಡಿಸಿ ಹೇಳಿದಳು. ಅವ್ವ ತುಂಬಾ ಹೊತ್ತು ಮಾತಾಡಲಿಲ್ಲ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ‘ಅಷ್ಟ್ ದೊಡ್ಡವಳ್ನ ಸೇರಿಸ್ಕತರಾ?’ ಎಂದು ಎರಡು ಸಲ ಕೇಳಿದಳು. ಸೇರಿಸಿಕೊಳ್ಳುತ್ತಾರೆ ಎಂದು ಮಗಳು ಹೇಳಿದ್ದಾಳೆ. ಇನ್ನು ಅದು ಎಲ್ಲಿಗೆ ಹೋಗುತ್ತದೋ ನೋಡಬೇಕು.

ಮೊನ್ನೆ ಭಾನುವಾರ ಅವ್ವ ಅಡುಗೆಮನೆಯಲ್ಲಿ ನಮ್ಮ ಕಡೆ ಬೆನ್ನು ಹಾಕಿ ಅವರೆಕಾಯಿ ಸುಲಿಯುತ್ತಿದ್ದಳು. ಅಲ್ಲಿಂದ ಟೀವಿ ಕಾಣುವುದಿಲ್ಲ. ಮಗಳು ಏನನ್ನೋ ಹುಡುಕುತ್ತಾ ‘ಮಾಲ್ಗುಡಿ ಡೇಸ್’ ಹಾಕಿದಳು. ಎಲ್. ವೈದ್ಯನಾಥನ್ ಅವರ ಆ ಶುರುವಿನ ರಾಗ ಬಂತು, ಪರದೆಯ ಮೇಲೆ ಆರ್. ಕೆ. ಲಕ್ಷ್ಮಣ್ ಅವರ ಗೆರೆಯ ಚಿತ್ರಗಳು. ಅಡುಗೆಮನೆಯಲ್ಲಿ ಕಾಯಿ ಸುಲಿಯುವ ಸದ್ದು ನಿಂತಿತು.

‘ಲೋ, ಇದು ಆ ಸ್ವಾಮಿ ಹೈದಂದಲ್ವ?’ ಎಂದಳು ಅವ್ವ, ತಿರುಗದೆಯೇ.